ಕಾರವಾರದಲ್ಲಿ ಮನೆ ಇದ್ದರೆ ಮೆಡಿಕಲ್ ಸೀಟು ಹತ್ತಿರವೇನಲ್ಲ

ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಇಂಜಿನಿಯರಿಂಗ್ ಕೆಲಸ, ವಯಸ್ಸು 31, ಕಾರವಾರಕ್ಕೆ ಬಂದು ಆರು ವರ್ಷ. ಈಗ ಡಾಕ್ಟರಾಗುವ ಆಸೆ. ಇಲ್ಲಿಯ ಸರ್ಕಾರಿ ಮೆಡಿಕಲ್ ಕಾಲೇಜು ಕ್ರಿಮ್ಸ್‌ನಲ್ಲಿ ಊರಿನವರಿಗೆ ಆದ್ಯತೆ ಇದೆಯಾ, ಇಲ್ಲದಿದ್ದರೆ ಪಕ್ಕದ ಗೋವಾದಲ್ಲಿ ನೋಡಬಹುದಾ ಎಂದು ಕೇಳಿದ್ದೀರಿ. ಎರಡೂ ಇಲ್ಲ ಮಾರಾಯ್ರೆ.

ಗೋವಾ ನಮಗೆ ಅಂಗಳವೇ, ಅದಕ್ಕೇ ನಿಮಗೆ ಹಾಗನ್ನಿಸಿರಬೇಕು. ಬೆಳಿಗ್ಗೆ ಮಾಜಾಳಿ ಗೇಟು ದಾಟಿ ಕೆಲಸಕ್ಕೆ ಹೋಗುವವರಿದ್ದಾರೆ, ಕಾಣಕೋಣಕ್ಕೆ ಮಗಳನ್ನು ಕೊಟ್ಟವರಿದ್ದಾರೆ, ಕೇಸು ಗಂಭೀರವಾದರೆ ಆಂಬುಲೆನ್ಸ್ ಓಡುವುದೂ ಬಾಂಬೋಲಿಂನ ಗೋವಾ ಮೆಡಿಕಲ್ ಕಾಲೇಜಿಗೇ. ಆದರೆ ಅಲ್ಲಿಯ ಕಾಲೇಜಿನ ರಾಜ್ಯ ಕೋಟಾ ಗೋವಾ ನಿವಾಸಿಗಳದ್ದು. ಅಖಿಲ ಭಾರತ ಕೋಟಾದ ಶೇ 15 ಸೀಟುಗಳಿಗೆ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ರ್‍ಯಾಂಕ್ ಇದ್ದರೆ ಹೋಗಬಹುದು, ಅದಕ್ಕೆ ಗಡಿ ಬೇಕಾಗಿಲ್ಲ, ಬೀದರ್‌ನಿಂದಲೂ ಹೋಗಬಹುದು. ‘ಗಡಿನಾಡು ಕೋಟಾ’ ಎಂದು ಯಾರೋ ಹೇಳಿದ್ದು ಅಕ್ಕಲಕೋಟೆ, ಜತ್ತ, ಕಾಸರಗೋಡು, ಮಂಜೇಶ್ವರದ ಕಡೆಯ ಕನ್ನಡಿಗರ ಮಾತು. ಕರ್ನಾಟಕದ ಒಳಗೇ ಇರುವ ನಮಗೆ ಅದು ಬರುವುದಿಲ್ಲ. ಇನ್ನು ಕ್ರಿಮ್ಸ್‌ನ 150 ಸೀಟುಗಳಲ್ಲಿ ಅಖಿಲ ಭಾರತದ ಪಾಲು ತೆಗೆದರೆ ಉಳಿದದ್ದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಇಡೀ ರಾಜ್ಯಕ್ಕೆ ಹಂಚುತ್ತದೆ. ಸದಾಶಿವಗಡದ ಹುಡುಗಿಯೂ ಚಾಮರಾಜನಗರದ ಹುಡುಗನೂ ಒಂದೇ ಸಾಲು.

ನೀವು ಕಾರವಾರದಲ್ಲಿ ಎಷ್ಟು ವರ್ಷ ಬಾಡಿಗೆ ಕಟ್ಟಿದಿರಿ ಎಂಬುದನ್ನು ಯಾರೂ ಕೇಳುವುದಿಲ್ಲ. ಎಲ್ಲಿ ಓದಿದಿರಿ ಎಂದು ಕೇಳುತ್ತಾರೆ. ರಾಜ್ಯದಲ್ಲಿ ಏಳು ವರ್ಷ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಲ್ಲೇ ಓದಿ ಪಾಸಾಗಿರಬೇಕು. ದಾವಣಗೆರೆಯಲ್ಲಿ ಬೆಳೆದ ನಿಮಗೆ ಅದರ ಚಿಂತೆಯಿಲ್ಲ. ಗ್ರಾಮೀಣ ಮೀಸಲಾತಿ ಶೇ 15 ಇದೆ, ಆದರೆ ಒಂದರಿಂದ ಹತ್ತರವರೆಗೂ ಹಳ್ಳಿಯಲ್ಲೇ ಓದಿರಬೇಕು. ಹರಿಹರದ ಹತ್ತಿರದ ಊರಿನಲ್ಲಿ ಏಳನೇ ತನಕ ಓದಿ ಪೇಟೆಗೆ ಬಂದೆ ಎಂದಿರಿ, ಹಾಗಾಗಿ ಅದು ಹೋಯಿತು. ಕನ್ನಡ ಮಾಧ್ಯಮದ ಶೇ 5 ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ, ಹತ್ತೂ ವರ್ಷ ಕನ್ನಡದಲ್ಲೇ ಓದಿದ್ದೀರಿ.

ಅದಕ್ಕೆ ಓದಿದ ಶಾಲೆಯಿಂದ ಪ್ರಮಾಣಪತ್ರ ಬೇಕು, ಆ ಕಾಗದದ ವಿಷಯದಲ್ಲಿ ನನಗಾದದ್ದು ಕೇಳಿ. ನಾನು ಲ್ಯಾಬ್ ಟೆಕ್ನಿಷಿಯನ್. ನೀಟ್‌ಗಿದ್ದ ವಯಸ್ಸಿನ ಮಿತಿ ತೆಗೆದರು ಎಂದು 2022ರ ಮಾರ್ಚಿನಲ್ಲಿ ಪೇಪರಿನಲ್ಲಿ ಓದಿ, ಜುಲೈನಲ್ಲಿ ನೀಟ್ ಬರೆದೆ, ಆಗ ನನಗೆ 28. ಫಿಸಿಕ್ಸ್ ಮುಳುಗಿಸಿತು. ಗೊತ್ತಿಲ್ಲದ್ದಕ್ಕೆಲ್ಲ ಗುರುತು ಹಾಕಿ ಮೈನಸ್ ತಿಂದೆ. 2023ರ ಮೇನಲ್ಲಿ ಮತ್ತೆ ಬರೆದೆ. ಈ ಸಲ ಅಂಕ ಹತ್ತಿರ ಬಂದಿತ್ತು, ಕಾಗದ ಬರಲಿಲ್ಲ. ನಾನು ಓದಿದ ಪ್ರಾಥಮಿಕ ಶಾಲೆ ಮಕ್ಕಳಿಲ್ಲದೆ ಮುಚ್ಚಿ, ದಾಖಲಾತಿ ಪುಸ್ತಕ ಪಕ್ಕದೂರಿನ ಶಾಲೆಯ ಕಪಾಟು ಸೇರಿತ್ತು. ಮಳೆಗಾಲದ ತೇವಕ್ಕೆ ಹಾಳೆಗಳು ಅಂಟಿಕೊಂಡು ಹಪ್ಪಳದ ಕಟ್ಟಿನ ಹಾಗಾಗಿದ್ದವು. ಮಾಸ್ತರರು ಚಾಕುವಿನ ತುದಿಯಲ್ಲಿ ಒಂದೊಂದೇ ಬಿಡಿಸಿದರು. ಹೆಸರು ಸಿಕ್ಕಿತು, ಹುಟ್ಟಿದ ತಾರೀಖಿನ ಮೇಲೆ ಮಾತ್ರ ಒರಲೆ ದಾರಿ ಮಾಡಿತ್ತು. ಅದನ್ನು ಸರಿಪಡಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೀಳುವಷ್ಟರಲ್ಲಿ ದಾಖಲೆ ಪರಿಶೀಲನೆ ಮುಗಿದಿತ್ತು. ಈಗಲೂ ಲ್ಯಾಬಿನಲ್ಲೇ ಇದ್ದೇನೆ.

ಪಿಯುಸಿಯಲ್ಲಿ ನಿಮ್ಮದು ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್), ಅಂದರೆ ಬಯಾಲಜಿ ಇಲ್ಲ. ಮುಂಚೆ ಇಲ್ಲಿಗೇ ಮಾತು ಮುಗಿಯುತ್ತಿತ್ತು. ಪಿಯುಸಿ ಮುಗಿದ ಮೇಲೂ ಮಾನ್ಯ ಬೋರ್ಡಿನಿಂದ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಬರೆದು ಪಾಸಾದರೆ ಸಾಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಹೇಳಿತು. ಅಂದರೆ ನಿಮಗೆ ಮೊದಲ ವರ್ಷ ಅದಕ್ಕೇ. ನೀಟ್‌ನ 720ರಲ್ಲಿ 360 ಬಯಾಲಜಿಯದ್ದು, ಹಾಗಾಗಿ ಆ ವರ್ಷ ವ್ಯರ್ಥವೇನಲ್ಲ. ಇಂಜಿನಿಯರಿಂಗ್ ಅನುಭವಕ್ಕೆ ಒಂದು ಅಂಕವೂ ಸಿಗುವುದಿಲ್ಲ, ನಮ್ಮಲ್ಲಿ ಸಂದರ್ಶನವೂ ಇಲ್ಲ. ಯಾಕೆ ಡಾಕ್ಟರಾಗಬೇಕು ಎಂದು ನಿಮ್ಮನ್ನು ಕೇಳುವವರು ಮನೆಯವರು ಮಾತ್ರ.

ಎಷ್ಟು ಅಂಕ ಬೇಕು ಎನ್ನಬೇಡಿ, ಅದು ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. 2024ರಲ್ಲಿ ಪರಿಷ್ಕೃತ ಫಲಿತಾಂಶದ ಮೇಲೂ ಪೂರ್ತಿ 720 ಬಂದವರು 17 ಜನ. 2025ರಲ್ಲಿ ದೇಶಕ್ಕೇ ಮೊದಲಿಗರಾದವರದ್ದು 686. ಪ್ರಾಧಿಕಾರದ ಜಾಲತಾಣದಲ್ಲಿ ಪ್ರತಿ ಕಾಲೇಜಿನ ಕೊನೆಯ ರ್‍ಯಾಂಕ್ ವರ್ಗವಾರು ಸಿಗುತ್ತದೆ, ಮೂರು ವರ್ಷದ್ದು ಇಳಿಸಿಕೊಂಡು ನಿಮ್ಮ ವರ್ಗದ ಕನ್ನಡ ಮಾಧ್ಯಮದ ಕಾಲಂ ನೋಡಿ. ಸಾಮಾನ್ಯವಾಗಿ ಅದು ಒಂದಿಷ್ಟು ಹಿಂದಕ್ಕೆ ಹೋಗಿರುತ್ತದೆ.

ಪಾಳಿ ಕೆಲಸ ಮಾಡುತ್ತಾ ಓದಿದರೆ ನಿಮ್ಮ ಅವಕಾಶ ಕಡಿಮೆ. ನಾನು ಎರಡೂ ಸಲ ಹಾಗೇ ಓದಿದ್ದು, ರಾತ್ರಿ ಪಾಳಿ ಮುಗಿಸಿ ಬಂದು ಪುಸ್ತಕ ಹಿಡಿದರೆ ಸಾಲುಗಳು ತೇಲುತ್ತಿದ್ದವು. ಕೊನೆಯ ಎಂಟು ತಿಂಗಳಾದರೂ ಸಂಬಳ ಬಿಡಲು ಆಗುತ್ತದಾ ಎಂದು ಮನೆಯವರ ಹತ್ತಿರ ಕೂತು ಮಾತಾಡಿ. ಸೀಟು ಸಿಕ್ಕರೂ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಕೈಗೆ ಡಿಗ್ರಿ ಬರುವಾಗ 39 ಹತ್ತಿರ. ಖಾಸಗಿ ಮ್ಯಾನೇಜ್‌ಮೆಂಟ್ ಸೀಟಿನ ಲೆಕ್ಕ ಹಾಕಲೇಬೇಡಿ, ಗುತ್ತಿಗೆ ಸಂಬಳಕ್ಕೆ ಅದು ಆಗುವ ಮಾತಲ್ಲ.

ಪುಸ್ತಕಕ್ಕಿಂತ ಮೊದಲು ಎರಡು ದಿನ ರಜೆ ಹಾಕಿ ಹರಿಹರಕ್ಕೆ ಹೋಗಿ ಬನ್ನಿ, ಮಳೆ ಹಿಡಿಯುವ ಮುಂಚೆ. ಎರಡೂ ಶಾಲೆಯ ವ್ಯಾಸಂಗ ಪ್ರಮಾಣಪತ್ರದಲ್ಲಿ ಮಾಧ್ಯಮ ಬರೆದಿದೆಯಾ, ಬಿಇಒ ಸಹಿ ಇದೆಯಾ, ಸೀಲು ಓದಲು ಬರುತ್ತದಾ ನೋಡಿ. ಎನ್‌ಸಿಇಆರ್‌ಟಿ ಬಯಾಲಜಿ ಎರಡೂ ಭಾಗ ನನ್ನ ಹತ್ತಿರ ಇವೆ. 2024ರ ನೀಟ್‌ನಿಂದ ಕೆಲವು ಪಾಠ ಕೈಬಿಟ್ಟಿದ್ದಾರೆ, ಅವಕ್ಕೆ ಗೆರೆ ಹೊಡೆದು ಇಟ್ಟಿರುತ್ತೇನೆ, ಭಾನುವಾರ ಬಂದು ಒಯ್ಯಿರಿ.