ಸಂಪಾದಕರ ಉತ್ತರ: ‘ಕೊಡು’ ಎಂಬುದು ‘ಕೋಡು’ ಆದಾಗ

ಹಾವೇರಿಯ ನಿವೃತ್ತ ಅಧ್ಯಾಪಕರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಪಿಯುಸಿ ಓದುವ ಮೊಮ್ಮಗಳು ಬೆಳಗಿನಿಂದ ರಾತ್ರಿವರೆಗೆ ಕೊರಿಯಾದ ಹಾಡು ಗುನುಗುತ್ತಾಳಂತೆ, ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅದೇ ಲಿಪಿ ಬರೆಯುತ್ತಾಳಂತೆ. ‘ಅರ್ಥವೇ ಗೊತ್ತಿಲ್ಲದ ಹಾಡು ಹಾಡಾದೀತೆ? ಇದು ಕಾರ್ಖಾನೆಯ ಮಾಲು. ಬಣ್ಣದ ಕೂದಲಿಗೆ, ಥಳಕಿಗೆ ಜಗತ್ತು ಮರುಳಾಗಿದೆ. ನಿಮ್ಮ ಪತ್ರಿಕೆ ಇದನ್ನು ಖಂಡಿಸಿ ಬರೆಯಬೇಕು’ ಎಂಬುದು ಅವರ ಒತ್ತಾಯ.

ಮೇಷ್ಟ್ರೇ, ನಿಮ್ಮ ಪತ್ರದ ಭಾಷೆ ಓದಿ ಸಂತೋಷವಾಯಿತು. ಇಷ್ಟು ಅಚ್ಚುಕಟ್ಟಾಗಿ ಸಿಟ್ಟಾಗುವವರು ಈಗ ಕಡಿಮೆ. ಕಾರ್ಖಾನೆ ಎಂಬ ಮಾತಿನಲ್ಲಿ ಹುರುಳಿದೆ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಹನ್ನೆರಡು ಹದಿಮೂರರ ಮಕ್ಕಳನ್ನು ಕಂಪನಿಗಳು ತರಬೇತಿಗೆ ಸೇರಿಸಿಕೊಳ್ಳುತ್ತವೆ. ವರ್ಷಗಟ್ಟಲೆ ಕಲಿತರೂ ವೇದಿಕೆ ಏರುವವರು ಕೆಲವರೇ. ಟಿವಿಎಕ್ಸ್‌ಕ್ಯೂ ತಂಡದ ಐವರಲ್ಲಿ ಮೂವರು 13 ವರ್ಷಗಳ ಕರಾರಿನ ವಿರುದ್ಧ 2009ರಲ್ಲಿ ಕೋರ್ಟಿಗೆ ಹೋಗಬೇಕಾಯಿತು. ಅದೇ ವರ್ಷ ಅಲ್ಲಿನ ನ್ಯಾಯಸಮ್ಮತ ವ್ಯಾಪಾರ ಆಯೋಗ ಮಾದರಿ ಕರಾರು ಹೊರಡಿಸಿ 7 ವರ್ಷಗಳ ಮಿತಿ ಹಾಕಿತು. ಒಂದೇ ಆಲ್ಬಮ್ಮನ್ನು ನಾಲ್ಕಾರು ಮುಖಪುಟಗಳಲ್ಲಿ ತಂದು, ಒಳಗೆ ಯಾವ ಫೋಟೊಕಾರ್ಡ್ ಸಿಗುತ್ತದೋ ಗೊತ್ತಾಗದಂತೆ ಇಟ್ಟು, ಮಕ್ಕಳಿಂದ ಮತ್ತೆ ಮತ್ತೆ ಕೊಳ್ಳಿಸುವುದೂ ನಿಜ. ಇದನ್ನೆಲ್ಲ ಸಮರ್ಥಿಸಲು ನನ್ನಿಂದಾಗದು.

ಆದರೆ ‘ಅರ್ಥವಾಗದ ಹಾಡು ಹಾಡಾದೀತೆ’ ಎಂದು ಕೇಳಿದಿರಲ್ಲ, ಅಲ್ಲಿ ನಿಮ್ಮ ಮೇಲೆ ಸ್ವಲ್ಪ ಮುನಿಸು. ತೆಲುಗು ಒಂದಕ್ಷರ ಬಾರದ ನಮ್ಮವರು ತ್ಯಾಗರಾಜರ ಕೃತಿಗೆ ಕಣ್ಣೀರಿಟ್ಟಿಲ್ಲವೇ? ತಮಿಳುನಾಡಿನ ಸಭೆಗಳಲ್ಲಿ ಪುರಂದರದಾಸರ ಕನ್ನಡ ಇಂದಿಗೂ ಕೇಳುತ್ತಿಲ್ಲವೇ? ಅರ್ಥಕ್ಕಿಂತ ಮೊದಲು ಅಕ್ಷರ ಕಿವಿಗೆ ಬೀಳುತ್ತದೆ. ಅಕ್ಷರ ಸ್ವರದ ಮೇಲೆ ಸರಿಯಾಗಿ ಕೂತಿದ್ದರೆ ಹಾಡು ನಾಡು ದಾಟುತ್ತದೆ. ಕೊರಿಯಾದವರು ಈ ಕೂರಿಸುವ ಕೆಲಸವನ್ನು ಹೇಗೆ ಮಾಡುತ್ತಾರೆ ನೋಡಿ.

ಕಂಪನಿಗಳು ‘ಸಾಂಗ್ ಕ್ಯಾಂಪ್’ ನಡೆಸುತ್ತವೆ. ಒಂದೊಂದು ಕೋಣೆಗೆ ಮೂರು ನಾಲ್ಕು ಜನ, ಅವರಲ್ಲಿ ಸ್ವೀಡನ್, ನಾರ್ವೆ, ಅಮೆರಿಕದವರೂ ಇರುತ್ತಾರೆ. ಒಬ್ಬರು ತಾಳವಾದ್ಯದ ಟ್ರ್ಯಾಕ್ ಕಟ್ಟಿದರೆ, ಉಳಿದವರು ಅದರ ಮೇಲೆ ‘ಟಾಪ್‌ಲೈನ್’, ಅಂದರೆ ಹಾಡುವ ಧಾಟಿ, ಹೊಸೆಯುತ್ತಾರೆ. ಹೊರಬರುವ ಡೆಮೊದಲ್ಲಿ, ಅಂದರೆ ಮಾದರಿ ಧ್ವನಿಮುದ್ರಣದಲ್ಲಿ, ಇಂಗ್ಲಿಷ್ ಸಾಲುಗಳಿರುತ್ತವೆ, ಇಲ್ಲವೇ ಬರೀ ತದರಿನಾ. ಅದು ಕೊರಿಯಾದ ಹಲವು ಗೀತರಚನೆಕಾರರಿಗೆ ಒಟ್ಟಿಗೇ ಹೋಗುತ್ತದೆ. ಸಿಗುವುದು ಕೆಲವೇ ದಿನ, ಒಮ್ಮೊಮ್ಮೆ ಒಂದೇ ರಾತ್ರಿ. ಬಂದವುಗಳಲ್ಲಿ ಒಂದನ್ನು ಆರಿಸುತ್ತಾರೆ, ಅಥವಾ ಇಬ್ಬರು ಮೂವರ ಸಾಲುಗಳನ್ನು ಹೆಣೆಯುತ್ತಾರೆ.

ಬರೆಯುವವರ ಮೊದಲ ಕೆಲಸ ಲೆಕ್ಕ ಹಾಕುವುದು. ಡೆಮೊ ಕೇಳುತ್ತ ಪ್ರತಿ ಸಾಲಿಗೆ ಎಷ್ಟು ಅಕ್ಷರ, ಎಲ್ಲಿ ಎಳೆತ, ಎಲ್ಲಿ ಉಸಿರು ಎಂದು ಗುರುತು ಮಾಡಿಕೊಳ್ಳಬೇಕು. ನೀವು ಹಳಗನ್ನಡ ಪದ್ಯಕ್ಕೆ ಪ್ರಸ್ತಾರ ಹಾಕಿಸುತ್ತಿದ್ದಿರಲ್ಲ, ಹಾಗೆಯೇ. ಡೆಮೊದ ಇಂಗ್ಲಿಷನ್ನು ಅನುವಾದ ಮಾಡಿದರೆ ಕೆಲಸ ಕೆಡುತ್ತದೆ. ‘ಸ್ಟ್ರೆಸ್’ ಇಂಗ್ಲಿಷ್‌ನಲ್ಲಿ ಒಂದೇ ಉಸಿರಿನ ಪದ. ಕೊರಿಯನ್ ಬಾಯಲ್ಲಿ ಅದು ‘ಸು-ತು-ರೆ-ಸು’ ಎಂದು ನಾಲ್ಕಾಗುತ್ತದೆ. ಬಸ್ ಎಂಬುದು ನಮ್ಮಲ್ಲಿ ‘ಬಸ್ಸು’ ಆದ ಹಾಗೆ ಅಲ್ಲಿಯೂ ಕೊನೆಗೊಂದು ಸ್ವರ ಅಂಟಿಕೊಂಡು ‘ಬೊಸು’ ಆಗಿದೆ. ಧಾಟಿಯ ಒಂದು ಸ್ವರಕ್ಕೆ ನಾಲ್ಕು ಅಕ್ಷರ ತುರುಕಿದರೆ ಹಾಡುವವರ ನಾಲಿಗೆ ತೊಡರುತ್ತದೆ. ಹಾಗಾಗಿ ಅವರು ಧಾಟಿಯನ್ನು ಇಟ್ಟುಕೊಂಡು ಮಾತನ್ನು ಬುಡದಿಂದ ಹೊಸದಾಗಿ ಬರೆಯುತ್ತಾರೆ.

ಎರಡನೆಯ ತೊಡಕು ಪದದ ಕೊನೆಯ ವ್ಯಂಜನದ್ದು. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರಾಂತ. ಕೊರಿಯನ್‌ನಲ್ಲಿ ವ್ಯಂಜನಾಂತ ಅಕ್ಷರಗಳು ಹೇರಳ, ಆದರೆ ಅಕ್ಷರದ ಕೊನೆಯಲ್ಲಿ ಬರಬಲ್ಲ ಧ್ವನಿಗಳು ಏಳೇ. ಅವುಗಳಲ್ಲಿ ಕ್, ತ್, ಪ್ ಬಾಯೊಳಗೇ ಅಡಗಿಬಿಡುತ್ತವೆ, ಗಾಳಿ ಹೊರಗೆ ಬರುವುದಿಲ್ಲ. ಎತ್ತರದ ಎಳೆತದ ಸ್ವರಕ್ಕೆ ಅಂಥ ಅಕ್ಷರ ಬಿದ್ದರೆ ದನಿ ಕತ್ತರಿಸಿದಂತಾಗುತ್ತದೆ. ಆದ್ದರಿಂದ ಎಳೆತಕ್ಕೆ ‘ಆ’ ಇರುವ ತೆರೆದ ಅಕ್ಷರವನ್ನೋ, ‘ಂಗ್’, ‘ನ್’, ‘ಮ್’ ತರಹ ಮೂಗಿನಲ್ಲಿ ಅನುರಣಿಸುವುದನ್ನೋ ಇಡುತ್ತಾರೆ. ಪ್ರೀತಿಗೆ ಅವರ ಪದ ‘ಸರಾಂಗ್’. ಎಷ್ಟು ಎಳೆದರೂ ಗಂಟೆಯ ಹಾಗೆ ಮೊಳಗುತ್ತದೆ. ಕ್, ತ್, ಪ್‌ಗಳನ್ನು ಕಾಲು ನೆಲಕ್ಕೆ ಬಡಿಯುವ ಕಡೆ, ಚಿಕ್ಕ ಪೆಟ್ಟುಗಳ ಮೇಲೆ ಕೂರಿಸುತ್ತಾರೆ. ಅಲ್ಲಿ ಮಾತೇ ಮದ್ದಲೆಯ ಕೆಲಸ ಮಾಡುತ್ತದೆ. ನಿಮ್ಮ ಮೊಮ್ಮಗಳ ಕಾಲು ಕುಣಿಯುವುದು ಅದಕ್ಕೇ.

ಪ್ರಾಸದ ಕಷ್ಟ ಇನ್ನೂ ಸ್ವಾರಸ್ಯದ್ದು, ಕನ್ನಡಿಗರಿಗೆ ಸಲೀಸಾಗಿ ಅರ್ಥವಾಗುವಂಥದ್ದು. ನಮ್ಮ ಹಾಗೆ ಅವರ ವಾಕ್ಯವೂ ಕ್ರಿಯಾಪದದಲ್ಲಿ ಮುಗಿಯುತ್ತದೆ. ‘-ಇದೆ, -ಇದೆ’ ಎಂದು ಪ್ರಾಸ ಕೂಡಿಸಿದಷ್ಟೇ ಸುಲಭ ಅವರಿಗೆ ‘-ಯೊ, -ಯೊ’ ಎನ್ನುವುದು, ಅಷ್ಟೇ ಸಪ್ಪೆ ಕೂಡ. 1992ರ ಏಪ್ರಿಲ್‌ನಲ್ಲಿ ಸೊ ತೈಜಿ ತಂಡ ಟಿವಿ ಸ್ಪರ್ಧೆಯಲ್ಲಿ ಕೊರಿಯನ್‌ನಲ್ಲಿ ರಾಪ್ ಹಾಡಿದಾಗ ತೀರ್ಪುಗಾರರು ಕೊಟ್ಟದ್ದು ಅತಿ ಕಡಿಮೆ ಅಂಕ. ಜನ ಅದೇ ಹಾಡನ್ನು 17 ವಾರ ಮೊದಲ ಸ್ಥಾನದಲ್ಲಿ ಕೂರಿಸಿದರು. 2001ರಲ್ಲಿ ವರ್ಬಲ್ ಜಿಂಟ್ ಎಂಬ ರಾಪರ್ ಸಾಲಿನ ಬಾಲ ಬಿಟ್ಟು, ಪದದೊಳಗಿನ ಹಲವು ಅಕ್ಷರಗಳಲ್ಲಿ ಪ್ರಾಸ ಹೆಣೆಯುವ ದಾರಿ ತೋರಿಸಿದ. ನಮ್ಮ ಪೂರ್ವಕವಿಗಳೂ ಅಂತ್ಯಪ್ರಾಸಕ್ಕೆ ಒಲಿಯದೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇಟ್ಟವರು. ಎರಡೂ ಕಡೆ ಭಾಷೆಯ ಮೈಕಟ್ಟು ಬಲ್ಲವರೇ ದಾರಿ ಕಂಡುಕೊಂಡರು.

ಕಿವಿಯ ಎಡವಟ್ಟುಗಳೂ ಇವೆ. ‘ನಾನು’ ಎನ್ನುವ ‘ನೆಗಾ’, ‘ನೀನು’ ಎನ್ನುವ ‘ನೇಗಾ’ ಈಗಿನ ಸೋಲ್ ನಗರದ ಉಚ್ಚಾರದಲ್ಲಿ ಒಂದೇ ತರಹ ಕೇಳುತ್ತವೆ. ಪ್ರೇಮಗೀತೆಯಲ್ಲಿ ಯಾರು ಯಾರನ್ನು ಬಿಟ್ಟರು ಎಂದೇ ತಿಳಿಯದಿದ್ದರೆ ಹೇಗೆ? ಅದಕ್ಕೆ ‘ನೀನು’ ಎಂಬುದನ್ನು ‘ನಿಗಾ’ ಎಂದು ಹಾಡುವುದು ರೂಢಿ. ಅದು ಅಮೆರಿಕದ ಕಿವಿಗೆ ಕಪ್ಪು ಜನರನ್ನು ಹಳಿಯುವ ಪದದಂತೆ ಕೇಳಿ ಬೇರೊಂದು ತಲೆನೋವು ತಂದಿತು.

ಇಂಗ್ಲಿಷಿಗೆ ಶರಣಾದದ್ದರಿಂದ ಗೆದ್ದರು ಎನ್ನುವವರಿಗೂ ಉತ್ತರವಿದೆ. 2009ರಲ್ಲಿ ವಂಡರ್ ಗರ್ಲ್ಸ್ ಎಂಬ ಹುಡುಗಿಯರ ತಂಡದವರು ತಮ್ಮ ಹಾಡನ್ನು ಇಂಗ್ಲಿಷ್‌ಗೆ ತಿರುಗಿಸಿಕೊಂಡು ಅಮೆರಿಕಕ್ಕೆ ಹೋದರು. ಅಲ್ಲಿನ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಸಿಕ್ಕಿದ್ದು 76ನೇ ಸ್ಥಾನ. 2012ರಲ್ಲಿ ಸೈ ಎಂಬ ಗಾಯಕ ಹಾಡಿದ ‘ಗಂಗ್ನಮ್ ಸ್ಟೈಲ್’ ಕೊರಿಯನ್‌ನಲ್ಲೇ ಇತ್ತು; ಅದು ಎರಡನೇ ಸ್ಥಾನಕ್ಕೇರಿತು, ಆ ಡಿಸೆಂಬರ್‌ನಲ್ಲಿ ಯೂಟ್ಯೂಬ್‌ನಲ್ಲಿ 100 ಕೋಟಿ ವೀಕ್ಷಣೆ ದಾಟಿದ ಮೊದಲ ವಿಡಿಯೊ ಆಯಿತು. ಏಳು ಹುಡುಗರ ತಂಡ ಬಿಟಿಎಸ್ ಮೊದಲ ಸ್ಥಾನ ಪಡೆದದ್ದು 2020ರ ಇಂಗ್ಲಿಷ್ ಹಾಡಿನಿಂದ, ಒಪ್ಪುತ್ತೇನೆ. ಮೂರೇ ತಿಂಗಳಲ್ಲಿ ಬಹುಪಾಲು ಕೊರಿಯನ್‌ನಲ್ಲೇ ಇದ್ದ ‘ಲೈಫ್ ಗೋಸ್ ಆನ್’ ಕೂಡ ಅದೇ ಜಾಗಕ್ಕೆ ಬಂತು. ಅವರ ಅಭಿಮಾನಿಗಳ ಕೂಗನ್ನು ಕೇಳಿ: ಕಿಮ್ ನಮ್ ಜುನ್, ಕಿಮ್ ಸೊಕ್ ಜಿನ್, ಮಿನ್ ಯುನ್ ಗಿ... ಮನೆತನಕ್ಕೆ ಒಂದಕ್ಷರ, ಹೆಸರಿಗೆ ಎರಡು. ಮೂರು ಪೆಟ್ಟು, ಒಂದು ಬಿಡುವು. ಏಳು ಹೆಸರು, ಕೊನೆಗೆ ತಂಡದ ಹೆಸರು ಸೇರಿ ಎಂಟರ ಆವರ್ತ ತುಂಬುತ್ತದೆ. ಬ್ರೆಜಿಲ್‌ನ ಹುಡುಗಿಯೂ ಅದನ್ನು ತಪ್ಪಿಲ್ಲದೆ ಕೂಗುತ್ತಾಳೆ.

ಈಗ ನಮ್ಮ ಮನೆಗೆ ಬನ್ನಿ. ಕನ್ನಡದಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲು. ಈಗಿನ ಕೊರಿಯನ್ ಯುವಕರ ಮಾತಿನಲ್ಲಿ ಆ ಭೇದ ಬಹುಮಟ್ಟಿಗೆ ಅಳಿದಿದೆ, ಅವರು ಯಾವ ಸ್ವರವನ್ನಾದರೂ ಎಳೆಯಬಹುದು. ನಮಗೆ ಆ ಸಲಿಗೆ ಇಲ್ಲ. ಎಳೆತದ ಸ್ವರಕ್ಕೆ ‘ಕೊಡು’ ಇಟ್ಟರೆ ಅದು ‘ಕೋಡು’ ಆಗಿ ಪ್ರೇಯಸಿಗೆ ಕೊಂಬು ಮೂಡುತ್ತದೆ. ‘ಬಿಡು’ ಎಂಬುದು ‘ಬೀಡು’ ಆಗುತ್ತದೆ. ಅದೇ ಜಾಗದಲ್ಲಿ ‘ನೀಡು’ ಎಂದರೆ ಅರ್ಥವೂ ಉಳಿಯಿತು, ಎಳೆತಕ್ಕೆ ದೀರ್ಘವೂ ಸಿಕ್ಕಿತು. ಇದಕ್ಕೆ ಬೇಕಾದದ್ದು ಧಾಟಿಯ ಜೊತೆ ಒಂದು ದಿನ ಕೂತುಕೊಳ್ಳುವ ವ್ಯವಧಾನ. ಪರಭಾಷೆಯಿಂದ ಡಬ್ ಆಗಿ ಬರುವ ಎಷ್ಟೋ ಚಿತ್ರಗೀತೆಗಳಲ್ಲಿ ಆ ವ್ಯವಧಾನ ಕಾಣುವುದಿಲ್ಲ. ತುಟಿಯ ಚಲನೆಗೆ ಪ, ಬ, ಮ ಹೊಂದಿಸಿ ಮುಗಿಸಿದ ಸಾಲುಗಳಲ್ಲಿ ಕನ್ನಡ ಕುಂಟುತ್ತದೆ. ಮಕ್ಕಳ ಕಿವಿ ಅದನ್ನು ತಕ್ಷಣ ಹಿಡಿಯುತ್ತದೆ. ಅವರು ಅರ್ಥವಾಗುವ ಕುಂಟು ಹಾಡನ್ನು ಬಿಟ್ಟು ಅರ್ಥವಾಗದ ನೆಟ್ಟಗಿನ ಹಾಡಿಗೆ ಹೋದರೆ ಬೈಯಬೇಕಾದದ್ದು ಯಾರನ್ನು?

ಬರೆದವರನ್ನು ಬೈಯುವುದಕ್ಕೂ ನನಗೆ ಮನಸ್ಸಿಲ್ಲ, ಅವರ ಹೆಸರನ್ನಾದರೂ ನಾವು ಎಲ್ಲಿ ಉಳಿಸಿದ್ದೇವೆ? ಆಕಾಶವಾಣಿಯಲ್ಲಿ ಹಾಡಿಗೆ ಮುಂಚೆ ಸಾಹಿತ್ಯ ಇವರದು, ಸಂಗೀತ ಇವರದು, ಹಾಡಿದವರು ಇವರು ಎಂದು ಹೇಳುತ್ತಿದ್ದರು. ಕವಿಗಳ ಹೆಸರು ನಮಗೆ ಹಾಗೆ ಬಾಯಿಪಾಠವಾಯಿತು. ಹಾಡಿನ ಆ್ಯಪ್‌ಗಳಲ್ಲಿ ಈಗ ನಾಯಕನಟನ ಚಿತ್ರ ದೊಡ್ಡದಾಗಿರುತ್ತದೆ. ಗೀತೆ ಬರೆದವರನ್ನು ಹುಡುಕಲು ಮೂರು ಕಡೆ ಒತ್ತಬೇಕು, ಆಗಲೂ ಸಿಕ್ಕರೆ ಪುಣ್ಯ. ಕೊರಿಯಾದ ಮೆಲನ್ ಎಂಬ ಆ್ಯಪ್‌ನಲ್ಲಿ ಪ್ರತಿ ಹಾಡಿಗೂ ಸಾಹಿತ್ಯ, ರಾಗ, ವಾದ್ಯಸಂಯೋಜನೆ ಯಾರದೆಂದು ಬೇರೆ ಬೇರೆಯಾಗಿ ನಮೂದಿಸುತ್ತಾರೆ. ಗೀತರಚನೆಕಾರರು ತಮ್ಮ ರಾಯಧನದ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡುವಂತಿಲ್ಲ ಎಂದು ನಮ್ಮಲ್ಲಿ 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಹೆಸರೇ ಕಾಣದಿದ್ದರೆ ಹಣ ಯಾರ ಮನೆಗೆ ಹೋಗಬೇಕು?

ಮೇಷ್ಟ್ರೇ, ಒಂದು ಕೆಲಸ ಹೇಳುತ್ತೇನೆ, ಬೇಸರಿಸಬೇಡಿ. ಭಾನುವಾರ ಬೆಳಿಗ್ಗೆ ಮೊಮ್ಮಗಳ ಪಕ್ಕದಲ್ಲಿ ಕೂತು ಆ ಲಿಪಿ ಕಲಿಯಿರಿ. ಮೂಲ ವ್ಯಂಜನ 14, ಸ್ವರ 10. ವ್ಯಂಜನಕ್ಕೆ ಸ್ವರ ಸೇರಿಸಿ ಒಂದೇ ಚೌಕದಲ್ಲಿ ಕೂರಿಸುವ ಕ್ರಮ ನಮ್ಮ ಕಾಗುಣಿತ ಕಲಿಸಿದವರಿಗೆ ಮಧ್ಯಾಹ್ನದ ಊಟದೊಳಗೆ ಬಂದೀತು. ಆಮೇಲೆ ಅವಳ ಮೆಚ್ಚಿನ ಹಾಡು ಬರೆದವರು ಯಾರೆಂದು ಕೇಳಿ. ಅದೇ ಫೋನಿನಲ್ಲಿ ನಿಮ್ಮ ಮೆಚ್ಚಿನ ಕನ್ನಡ ಹಾಡೊಂದನ್ನು ತೆಗೆದು ಅದನ್ನು ಬರೆದವರ ಹೆಸರು ಎಲ್ಲಿದೆ ಎಂದು ಇಬ್ಬರೂ ಹುಡುಕಿ. ಸಿಗದಿದ್ದರೆ ಆ ಹಾಡಿನ ಹೆಸರು ಬರೆದು ನನಗೆ ಕಳಿಸಿ. ಬರೆದವರ ಹೆಸರನ್ನು ನಾವು ಪತ್ತೆ ಮಾಡಿ ಅಚ್ಚು ಹಾಕುತ್ತೇವೆ.

– ಸಂಪಾದಕ