ಕಡಿತಕ್ಕೊಂದು ಸಾಲು ಬೇಡವೇ?

ಪತ್ರ: ಕುಮಟಾದ ಮನೆಯಲ್ಲೇ ಅಡುಗೆಯ ವಿಡಿಯೊ ಮಾಡುತ್ತೇನೆ. ಕಬ್ಬಿಣದ ದೋಸೆ ಕಾವಲಿಯ ಲಿಂಕ್ ಹಾಕಿದ್ದೆ; ಅದನ್ನು ಒತ್ತಿ ಯಾರಾದರೂ ಕೊಂಡರೆ ಕಂಪನಿ ನನಗೆ ಕಮಿಷನ್ ಕೊಡಬೇಕು. 41 ಮಂದಿ ಕೊಂಡರೆಂದು ಕಂಪನಿಯ ಲೆಕ್ಕ ತೋರಿಸಿತು, ಕಮಿಷನ್ ಬಂದದ್ದು 23ಕ್ಕೆ. ಕೇಳಿದರೆ ‘ನಿಯಮದ ಪ್ರಕಾರ’ ಎಂದರು. ಇತ್ತ ನಮ್ಮ ಅತ್ತಿಗೆ, ‘ನಮ್ಮಿಂದಲೂ ದುಡ್ಡು ಮಾಡಿದೆಯಲ್ಲ’ ಎಂದು ಮಾತು ಬಿಟ್ಟಿದ್ದಾರೆ. ಇದನ್ನು ನಿಲ್ಲಿಸಲೇ?

ಉತ್ತರ: ಸಹೋದರಿ, ನಿಲ್ಲಿಸಬೇಡಿ. ಆದರೆ ಲೆಕ್ಕ ಕೇಳುವುದನ್ನೂ ಬಿಡಬೇಡಿ.

ಸಂಖ್ಯೆ ಇಳಿದ ಮಾತ್ರಕ್ಕೆ ಮೋಸ ಎನ್ನಲಾರೆ. ಕಾವಲಿಯನ್ನು ಕೊಂಡವರು ವಾಪಸು ಕಳಿಸಿದರೆ ಕಮಿಷನ್ ರದ್ದಾಗುತ್ತದೆ. ಮನೆಯವರು ಕೊಂಡದ್ದಕ್ಕೆ ಹಲವು ಕಂಪನಿಗಳು ಕೊಡುವುದಿಲ್ಲ. ನನಗೆ ಸಿಟ್ಟು ಬರುವುದು ‘ಕೊನೆಯ ಕ್ಲಿಕ್’ ಪದ್ಧತಿಯ ಮೇಲೆ. ಕಾವಲಿ ಪಳಗಿಸುವುದನ್ನು ನೀವು ಅರ್ಧ ಗಂಟೆ ಬಿಡಿಸಿ ಹೇಳಿರುತ್ತೀರಿ. ಗ್ರಾಹಕರು ಹಣ ಕಟ್ಟುವ ಮುಂಚೆ ರಿಯಾಯಿತಿ ಕೂಪನ್ ಹುಡುಕಿ ಬೇರೊಂದು ಲಿಂಕ್ ಒತ್ತಿದರೆ ಕಮಿಷನ್ ಪೂರ್ತಿ ಆ ಲಿಂಕಿನವರಿಗೆ. ಅಡಿಕೆ ಸುಲಿದವರು ಒಬ್ಬರು, ಮಾರಾಟದ ಲೆಕ್ಕ ಬರೆದ ಪಟ್ಟಿಯಲ್ಲಿ ಹೆಸರು ಮತ್ತೊಬ್ಬರದು!

ಪಟ್ಟಿ ಎಂದಾಗ ನಮ್ಮ ಶಿರಸಿ ನೆನಪಾಗುತ್ತದೆ. ಅಡಿಕೆ ಮಾರುವ ಸಹಕಾರಿ ಸಂಘವಾದ ತೋಟಗಾರ್ಸ್ ಸೇಲ್ ಸೊಸೈಟಿಯನ್ನು ಬೆಳೆಗಾರರು 1923ರಲ್ಲಿ ಕಟ್ಟಿಕೊಂಡದ್ದು ದಲಾಲರ ಹಿಡಿತದಿಂದ ಬಿಡಿಸಿಕೊಳ್ಳಲು. ದಲಾಲಿ ಎಷ್ಟು ಎಂಬುದಕ್ಕಿಂತ ಅದು ಕಾಣದಂತೆ ಹೋಗುವುದೇ ಬೆಳೆಗಾರರನ್ನು ಹೆಚ್ಚು ಸುಡುತ್ತದೆ. ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಕೊಟ್ಟವರು ತೂಕ, ಧಾರಣೆ, ಕಡಿತ ಎಲ್ಲವನ್ನೂ ಪಟ್ಟಿಯಲ್ಲಿ ಓದಿಕೊಂಡೇ ಮನೆಗೆ ಹೋಗುತ್ತಾರೆ. ಲಿಂಕ್ ಹಾಕಿದವರಿಗೆ ಅಷ್ಟೂ ಬೇಡವೇ?

ಆದ್ದರಿಂದ ಕಂಪನಿಗೆ ಇಮೇಲ್‌ನಲ್ಲೇ ಬರೆಯಿರಿ. ಉಳಿದ 18 ಆರ್ಡರ್‌ಗಳಲ್ಲಿ ಒಂದೊಂದೂ ಏಕೆ ಬಿದ್ದುಹೋಯಿತು, ಮಾರಾಟದ ದಿನ ಕಮಿಷನ್ ದರ ಎಷ್ಟಿತ್ತು, ನಿಮ್ಮ ಲಿಂಕ್ ಒತ್ತಿ ಬಂದವರೆಂಬ ಗುರುತು ಎಷ್ಟು ದಿನ ಉಳಿಯುತ್ತದೆ ಎಂದು ಕೇಳಿ. ಕೆಲವು ಕಡೆ ಅದು 24 ಗಂಟೆಗೇ ಅಳಿಯುತ್ತದೆ. ಆಮೇಲೆ ಕೊಂಡವರು ನಿಮ್ಮ 41ರೊಳಗೆ ಬಂದೇ ಇರುವುದಿಲ್ಲ. ತೆರಿಗೆ ಹಿಡಿದಿದ್ದೇವೆ ಎಂದರೆ ಅದನ್ನೂ ನಂಬಿ ಕೂರಬೇಡಿ. ವರ್ಷದ ಕಮಿಷನ್ 20,000 ರೂಪಾಯಿ ದಾಟಿದರೆ ಶೇ 2ರಷ್ಟು ಹಿಡಿಯುತ್ತಾರೆ, ಪ್ಯಾನ್ ಕೊಡದಿದ್ದರೆ ಶೇ 20. ಹಿಡಿದದ್ದು ನಿಮ್ಮ ತೆರಿಗೆ ಖಾತೆಯಲ್ಲಿ ಕಾಣಲೇಬೇಕು.

ಇನ್ನು ಅತ್ತಿಗೆಯ ಮಾತು. ಬೇಸರ ಮಾಡಿಕೊಳ್ಳಬೇಡಿ, ನಾನು ಅವರ ಪಕ್ಷ. ಕಂಪನಿಯಿಂದ ನೀವು ಬಯಸುವ ಪಟ್ಟಿಯನ್ನೇ ಅವರು ನಿಮ್ಮಿಂದ ಬಯಸಿದ್ದಾರೆ. ಹಣಕ್ಕಾಗಿ ಶಿಫಾರಸು ಮಾಡುವವರು ಆ ನಂಟನ್ನು ಎದ್ದು ಕಾಣುವಂತೆ ಹೇಳಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲೇ ತಿಳಿಸಿದೆ. ನಮ್ಮ ಪತ್ರಿಕೆಯೂ ಇಲ್ಲಿ ತಪ್ಪಿದೆ: ಅಡಿಕೆ ಸುಲಿಯುವ ಯಂತ್ರವೊಂದನ್ನು ಹೊಗಳಿ ಬರೆದಾಗ, ಅದನ್ನು ತಯಾರಿಸಿದವರು ನಮ್ಮ ಜಾಹೀರಾತುದಾರರೆಂದು ಹೇಳಲಿಲ್ಲ. ಸಿದ್ದಾಪುರದ ಓದುಗರೊಬ್ಬರು ಕೇಳಿದಾಗ ತಲೆ ತಗ್ಗಿಸಬೇಕಾಯಿತು.

ವಿಡಿಯೊದ ಕೆಳಗೆ ಯಾರೂ ತೆರೆಯದ ಮೂಲೆಯಲ್ಲಲ್ಲ, ಕಾವಲಿ ಕೈಗೆತ್ತಿಕೊಂಡಾಗಲೇ ಕನ್ನಡದಲ್ಲಿ ಹೇಳಿ: ‘ಈ ಲಿಂಕ್‌ನಿಂದ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ.’ ಕುಮಟಾ ಪೇಟೆಯಲ್ಲಿ ಅದೇ ಕಾವಲಿ ಕಡಿಮೆಗೆ ಸಿಗುವುದಾದರೆ ಅದನ್ನೂ ಹೇಳಿ. ಅತ್ತಿಗೆಗೆ ಮಾತ್ರ ವಿಡಿಯೊ ಸಾಲದು, ಮನೆಗೇ ಹೋಗಿ ಬನ್ನಿ. ಕಂಪನಿಯ ಉತ್ತರ ಬಂದರೆ ನಮಗೂ ಕಳಿಸಿ. ನೀವು ಒಪ್ಪಿದರೆ ಹೆಸರಿಲ್ಲದೆ ಪ್ರಕಟಿಸುತ್ತೇವೆ.

— ಸಂಪಾದಕ