ಲೆವೆಲ್ 1ಕ್ಕೆ ಆ ಸಪೂರ ರಾಕೆಟ್ ಬೇಡ ತಮ್ಮಾ

ಹೊಸೂರಿನ ತಮ್ಮ ಹಾಕಿದ ಫೋಟೋ ಈಗ ನೋಡಿದೆ. 54 ಎಂಎಂ ಫೈಬರ್‌ಗ್ಲಾಸ್ ರಾಕೆಟ್ ಕಿಟ್, ಅದಕ್ಕೆ ಐ ಮೋಟರ್ (ಅಕ್ಷರ ಮೋಟರಿನ ಶಕ್ತಿಗೆ, ಎಚ್ ಆದ ಮೇಲಿನದ್ದು ಐ). ಅಮೆರಿಕದಲ್ಲಿ ಓದುತ್ತಿದ್ದೇನೆ, ಮುಂದಿನ ತಿಂಗಳು ಲೆವೆಲ್ 1, ಅಂದರೆ ದೊಡ್ಡ ಮೋಟರಿನ ಹವ್ಯಾಸಿ ರಾಕೆಟ್ ಹಾರಿಸುವವರ ಮೊದಲ ಸರ್ಟಿಫಿಕೇಟಿಗೆ ಹಾರಿಸಬೇಕು, ಇದು ಸಾಕಾ ಅಂತ ಕೇಳಿದ್ದೀಯ. ಸಾಕಲ್ಲ, ಜಾಸ್ತಿ! ನಾನು ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾಗ ಇದೇ ಕಿತಾಪತಿ ಮಾಡಿದ್ದೆ.

ಜಾಗ ಲೂಸರ್ನ್ ಒಣಕೆರೆ. ನಮ್ಮ ಬದಿಯಡ್ಕದ ಕಡೆಯ ಪದವುಗಳನ್ನೆಲ್ಲ ಸೇರಿಸಿದರೂ ಅಷ್ಟು ಬಯಲು ಆಗಲಿಕ್ಕಿಲ್ಲ. ಅಲ್ಲೂ ಕಳಕೊಂಡೆ ನೋಡು. ಬಟನ್ ಒತ್ತಿದೆ, ಹೊಗೆ ಕಂಡಿತು, ಆಮೇಲೆ ಎಲ್ಲರೂ ಕತ್ತೆತ್ತಿ ನಿಂತದ್ದೇ ಬಂತು. ಪ್ಯಾರಾಶೂಟ್ ಮೇಲೆ ತುದಿಯಲ್ಲೇ ಬಿಚ್ಚಿರಬೇಕು, ಗಾಳಿ ಎತ್ತ ಎಳಕೊಂಡು ಹೋಯಿತೋ. ಮೂರು ಗಂಟೆ ಬಿಸಿಲಲ್ಲಿ ನಡೆದೆ. ಸಿಕ್ಕಿದ್ದು ಬೇರೆ ಯಾರದೋ ರಾಕೆಟಿನ ಹಳೆ ಮೂತಿ, ಅಂದರೆ ನೋಸ್‌ಕೋನ್. ರಾಕೆಟ್ ತಂದು ತೋರಿಸದೆ ಸರ್ಟಿಫಿಕೇಟಿಗೆ ಸಹಿ ಇಲ್ಲ, ಅದನ್ನು ಕೊಡುವ ಸಂಘ ಎನ್‌ಎಆರ್ ಆದರೂ ಟ್ರಿಪೊಲಿ ಆದರೂ ಅಷ್ಟೇ. ಎತ್ತರಕ್ಕೆ ಮಾರ್ಕು ಇಲ್ಲ ಮಾರಾಯ. ಎಚ್ ಹಾಕು, ಐ ಹಾಕು, ಸಿಗುವುದು ಅದೇ ಲೆವೆಲ್ 1.

ಎರಡನೇ ಸಲ ಸುಮ್ನೆ ಬುದ್ಧಿವಂತಿಕೆ ಬಿಟ್ಟು 4 ಇಂಚಿನ ರಟ್ಟಿನ ಟ್ಯೂಬು, ಪ್ಲೈವುಡ್ ಫಿನ್ನಿನ ಲಾಕ್-4 ಎಂಬ ಕಿಟ್ ಕಟ್ಟಿದೆ. ಅಪೋಜಿ ಕಂಪೆನಿಯ ಜೆಫೈರ್ ಕಿಟ್ ಕೂಡ ಇದೇ ಜಾತಿ, ಅದೂ ಆದೀತು. ಮೋಟರ್ ಕೂರುವ 38 ಎಂಎಂ ಕೊಳವೆಗೆ, ಅಂದರೆ ಮೌಂಟಿಗೆ, ಅಡಾಪ್ಟರ್ ಕೊಟ್ಟು 29 ಎಂಎಂನ ಏರೋಟೆಕ್ ಎಚ್128 ಮೋಟರ್. ಅಂದರೆ ಸರಾಸರಿ ತ್ರಸ್ಟ್ (ಮೇಲೆ ದೂಡುವ ಬಲ) 128 ನ್ಯೂಟನ್. ರಾಕೆಟ್ ಒಂದೂವರೆ ಕೆಜಿ ಬಂದರೆ ಭಾರ 15 ನ್ಯೂಟನ್. ಐದು ಪಟ್ಟು ಇದ್ದರೆ ಸಾಕಿತ್ತು, ಇಲ್ಲಿ ಎಂಟು ದಾಟಿತು. ದಪ್ಪ ಇದ್ದದ್ದರಿಂದ ಹೆಚ್ಚು ಮೇಲೆ ಹೋಗಲಿಲ್ಲ, ಕೇಸರಿ ಬಣ್ಣ ಕೊನೆವರೆಗೂ ಕಣ್ಣಿಗೆ ಕಾಣುತ್ತಿತ್ತು. ಫೈಬರ್‌ಗ್ಲಾಸ್ ಕೆಟ್ಟದ್ದು ಅಂತಲ್ಲ, ವೈಲ್ಡ್‌ಮ್ಯಾನ್ ಕಿಟ್ ನನಗೂ ಇಷ್ಟ. ಲೆವೆಲ್ 2ಕ್ಕೆ ಇಟ್ಟುಕೋ.

ಡಿಲೇ ಮರೆಯಬೇಡ, ಅಂದರೆ ಮೋಟರ್ ಉರಿದು ಮುಗಿದ ಮೇಲೆ ಪ್ಯಾರಾಶೂಟ್ ಹೊರಗೆ ದೂಡುವವರೆಗಿನ ಸಮಯ. 14 ಸೆಕೆಂಡಿನದ್ದು ಬಂದರೆ ಹಾಗೇ ತುರುಕಬಾರದು. ಓಪನ್‌ರಾಕೆಟ್‌ನಲ್ಲಿ (ಹಾರಾಟದ ಲೆಕ್ಕ ಹಾಕುವ ಸಾಫ್ಟ್‌ವೇರ್) ನಿನ್ನ ರಾಕೆಟಿನ ನಿಜವಾದ ತೂಕ ಹಾಕು, ಪೇಂಟು ಎಪಾಕ್ಸಿ ಎಲ್ಲ ಸೇರಿಸಿ ತಕ್ಕಡಿಯಲ್ಲಿ ತೂಗಿದ್ದು, ಕಿಟ್ ಡಬ್ಬದ ಮೇಲೆ ಬರೆದದ್ದಲ್ಲ. ಅದು ಹೇಳಿದಷ್ಟು ಸೆಕೆಂಡಿಗೆ ಇಳಿಯುವ ಹಾಗೆ ಡಿಲೇಯನ್ನು ಡ್ರಿಲ್ ಮಾಡು. ತಡವಾದರೆ ರಾಕೆಟ್ ಮೂತಿ ಕೆಳಗಾಗಿ ನೆಲಕ್ಕೆ, ಬೇಗ ಆದರೆ ಪ್ಯಾರಾಶೂಟ್ ಕಟ್ಟಿದ ಹಗ್ಗ (ಶಾಕ್ ಕಾರ್ಡ್) ಟ್ಯೂಬನ್ನು ಸೀಳುತ್ತದೆ, ಅದಕ್ಕೇ ಜಿಪ್ಪರ್ ಅನ್ನುವುದು. ಡ್ರಿಲ್ ಟೂಲ್ ಇಲ್ಲ ಅಂತ ಕೈಯಲ್ಲಿ ಕೆರೆಯುವವರನ್ನು ಕಂಡಿದ್ದೇನೆ. ಹಾಗೆ ಮಾಡಿದರೆ ಇಲ್ಲಿ ಬಂದು ಅಳಬೇಡ.

ಮೋಟರ್ ಮೌಂಟಿಗೆ ಐದು ನಿಮಿಷದ ಎಪಾಕ್ಸಿ ಬೇಡ, 30 ನಿಮಿಷದ್ದು ಹಾಕು. ಟ್ಯೂಬಿಗೆ 3 ಎಂಎಂ ತೂತು ಹೊಡಿ, ಇಲ್ಲದಿದ್ದರೆ ಮೇಲೆ ಹೋದ ಹಾಗೆ ಒಳಗಿನ ಗಾಳಿಯೇ ನೋಸ್‌ಕೋನ್ ದೂಡೀತು. ನೋಸ್‌ಕೋನ್ ಕೂರುವ ಭಾಗಕ್ಕೆ ಪೇಂಟು ತಾಗಿಸಬೇಡ. ಎಷ್ಟು ಬಿಗಿ ಇದೆ ಅಂತ ಹಾರಿಸುವ ದಿನ ಬೆಳಿಗ್ಗೆಯೇ ನೋಡು. ಆಟಿಯಲ್ಲಿ ಮನೆ ಬಾಗಿಲು ಉಬ್ಬಿ ಹಿಡಿಯುವುದಿಲ್ವಾ, ರಟ್ಟೂ ಹಾಗೇ.

ಪ್ಯಾರಾಶೂಟ್ ದೊಡ್ಡದಾದಷ್ಟು ಒಳ್ಳೆಯದು ಅಂತ ಮೇಲೊಬ್ಬರು ಬರೆದಿದ್ದಾರೆ. ಅಲ್ಲ, ಗಾಳಿ ಇದ್ದರೆ ಅಷ್ಟೇ ದೂರ ನಡೆಯಬೇಕು.

ಪೆರ್ಲದವರು ಮೋಟರ್ ಸೂಟ್‌ಕೇಸಿನಲ್ಲಿ ಊರಿಗೆ ತರಬಹುದಾ ಅಂತ ಕೇಳಿದ್ದೀರಿ. ಅಯ್ಯೋ, ಮದ್ದು ತುಂಬಿದ್ದನ್ನು ವಿಮಾನದಲ್ಲಿ ತರುವುದಾ? ಖಾಲಿ ರಾಕೆಟ್ ಬೇಕಾದರೆ ತನ್ನಿ. ನನ್ನದು ಅಡಿಕೆ ಅಟ್ಟದಲ್ಲಿದೆ, ಒಂದು ಫಿನ್ನಿಗೆ ಒರಲೆ ಹಿಡಿದಿದೆ.